ಯಾವ ಮಷೀನಿನ ಮುಂದೆ ನಿಲ್ತೀವಿ ಅನ್ನೋದೇ ಪ್ರಶ್ನೆ



ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದಾಗಿನಿಂದ ನನ್ನ ಫೋನಿಗೆ ಬಿಡುವಿಲ್ಲ. "ಅಣ್ಣಾ, ಮಗನಿಗೆ ಅರವತ್ತೆರಡು ಪರ್ಸೆಂಟ್ ಬಂದಿದೆ, ಯಾವುದಕ್ಕೆ ಹಾಕೋಣ?" ಅಂತ ಕೇಳೋ ಅಪ್ಪಂದಿರು. "ಅಣ್ಣಾ, ಮೆಕಾಟ್ರಾನಿಕ್ಸ್ ಅಂತ ಒಂದು ಕೋರ್ಸ್ ಇದೆಯಂತೆ, ಅದು ಮೆಕ್ಯಾನಿಕ್ ಕೆಲಸಾನಾ? ಹುಡುಗೀರು ಸೇರಬಹುದಾ?" ಅಂತ ಕೇಳೋ ಹೆಣ್ಣುಮಕ್ಕಳು. ಒಬ್ಬೊಬ್ಬರಿಗೇ ಹೇಳೋ ಬದಲು ಇಲ್ಲೇ ಬರೀತಿದ್ದೀನಿ. ಪೋಸ್ಟ್ ಉದ್ದ ಇದೆ. ಮನೆಯಲ್ಲಿ ಹತ್ತನೇ ಕ್ಲಾಸ್ ಮುಗಿಸಿದ ಮಕ್ಕಳಿದ್ದರೆ ದಯವಿಟ್ಟು ಪೂರ್ತಿ ಓದಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಯಂತ್ರ, ಕರೆಂಟು, ಲೆಕ್ಕ ಇವುಗಳಲ್ಲಿ ಆಸಕ್ತಿ ಇರೋ ನಮ್ಮ ಮಕ್ಕಳು, ಹುಡುಗ ಆಗಲಿ ಹುಡುಗಿ ಆಗಲಿ, ಮೆಕಾಟ್ರಾನಿಕ್ಸ್ ಡಿಪ್ಲೊಮಾ ಸೇರಬೇಕು. ಆದರೆ ಸರ್ಟಿಫಿಕೇಟು ಕೈಗೆ ಬಂದ ತಕ್ಷಣ ಕಾರ್ಖಾನೆ ಗೇಟು ತಾನಾಗಿ ತೆಗೆಯುತ್ತೆ ಅಂತ ಯಾರೂ ನಂಬಬೇಡಿ. ಓದೋದು ಮಕ್ಕಳ ಕೆಲಸ, ಗೇಟು ತೆಗೆಸೋದು ಸಂಘಟನೆಯ ಕೆಲಸ.

ಮೊದಲು ಇದೇನು ಕೋರ್ಸು ಅಂತ ನೋಡೋಣ. ಮೆಕಾಟ್ರಾನಿಕ್ಸ್ ಅನ್ನೋ ಪದ ಹುಟ್ಟಿದ್ದು 1969ರಲ್ಲಿ, ಜಪಾನಿನ ಯಾಸ್ಕಾವಾ ಎಲೆಕ್ಟ್ರಿಕ್ ಕಂಪನಿಯಲ್ಲಿ. ತೆತ್ಸುರೊ ಮೋರಿ ಅನ್ನೋ ಎಂಜಿನಿಯರ್ ಮೆಕ್ಯಾನಿಕಲ್ ಮತ್ತು ಎಲೆಕ್ಟ್ರಾನಿಕ್ಸ್ ಎರಡನ್ನೂ ಸೇರಿಸಿ ಕಟ್ಟಿದ ಹೆಸರು ಅದು. ಹೆಸರಿಗೆ ಹೆದರಬೇಡಿ. ಹಾಲಿನ ಡೈರಿಯಲ್ಲಿ ಪ್ಯಾಕೆಟ್ ತುಂಬೋ ಮಷೀನನ್ನೇ ತಗೊಳ್ಳಿ. ಪ್ಲಾಸ್ಟಿಕ್ ಫಿಲ್ಮಿನ ರೋಲ್ ಬಿಚ್ಚಿಕೊಳ್ಳುತ್ತೆ. ಫಿಲ್ಮಿನ ಮೇಲಿರೋ ಗುರುತನ್ನ ಸೆನ್ಸರ್ ಒಂದು ನೋಡುತ್ತೆ. ಅಳತೆಗೆ ಸರಿಯಾಗಿ ಹಾಲು ಬೀಳುತ್ತೆ. ಗಾಳಿಯ ಒತ್ತಡದಲ್ಲಿ ನಡೆಯೋ ಸಿಲಿಂಡರ್ ಬಿಸಿ ಪಟ್ಟಿಯನ್ನ ತಂದು ಒತ್ತಿ ಪ್ಯಾಕೆಟ್ ಅಂಟಿಸುತ್ತೆ. ಯಾವುದರ ಹಿಂದೆ ಯಾವುದು ನಡೀಬೇಕು ಅಂತ ಹೇಳೋದು ಪಿಎಲ್‌ಸಿ ಅನ್ನೋ ಒಂದು ಪುಟ್ಟ ಕಂಪ್ಯೂಟರ್.

ಈಗ ಬೆಳಗಿನ ಜಾವ ಮೂರು ಗಂಟೆಗೆ ಪ್ಯಾಕೆಟ್ ಸೋರೋಕೆ ಶುರುವಾಯ್ತು ಅನ್ಕೊಳ್ಳಿ. ತಪ್ಪು ಎಲ್ಲಿದೆ? ಪಟ್ಟಿ ಸರಿಯಾಗಿ ಕಾಯ್ತಿಲ್ಲವೋ, ಗಾಳಿ ಒತ್ತಡ ಇಳಿದಿದೆಯೋ, ಸೆನ್ಸರಿಗೆ ಕೊಳೆ ಹಿಡಿದಿದೆಯೋ, ಪ್ರೋಗ್ರಾಮಿನಲ್ಲಿ ಟೈಮಿಂಗ್ ತಪ್ಪಿದೆಯೋ? ಫಿಟ್ಟರ್ ಬಂದು ಎಲೆಕ್ಟ್ರಿಷಿಯನ್ನ ಕರೀರಿ ಅಂತಾನೆ. ಎಲೆಕ್ಟ್ರಿಷಿಯನ್ ಬಂದು ಪ್ರೋಗ್ರಾಂ ಬರೆದವರನ್ನ ಕರೀರಿ ಅಂತಾನೆ. ಅಷ್ಟರಲ್ಲಿ ಬೆಳಗಾಗಿರುತ್ತೆ. ಈ ಮೂರನ್ನೂ ಒಟ್ಟಿಗೆ ನೋಡಿ ತಪ್ಪು ಹಿಡಿಯೋ ಕಣ್ಣು ಯಾರಿಗಿದೆಯೋ ಅವರೇ ಮೆಕಾಟ್ರಾನಿಕ್ಸ್ ಓದಿದವರು. ಇಂಥವರು ಎಲ್ಲ ಕಾರ್ಖಾನೆಗೂ ಬೇಕು.

ನಮ್ಮ ಕೋಲಾರದ ಕಡೆ ನೋಡಿ. ನರಸಾಪುರ, ವೇಮಗಲ್ ಸುತ್ತಮುತ್ತ ಇಷ್ಟೊಂದು ಕಾರ್ಖಾನೆ ಬಂದಿವೆ. ಕಂಪನಿ ಬಸ್ಸುಗಳು ನಮ್ಮ ಕೇರಿಗಳ ಮುಂದೆಯೇ ಹೋಗ್ತವೆ, ನಮ್ಮ ಹುಡುಗರೂ ಹತ್ತಿ ಹೋಗ್ತಾರೆ. ಒಳಗೆ ಏನು ಮಾಡ್ತಾರೆ? ಲೋಡಿಂಗ್, ಪ್ಯಾಕಿಂಗ್, ಹೌಸ್‌ಕೀಪಿಂಗ್, ಕ್ಯಾಂಟೀನು, ಇಲ್ಲಾಂದ್ರೆ ಕಾಂಟ್ರಾಕ್ಟರ್ ಕೈಕೆಳಗೆ ಹೆಲ್ಪರ್. ಹತ್ತು ವರ್ಷ ದುಡಿದರೂ ಹೆಲ್ಪರ್ ಹೆಲ್ಪರೇ. ಹೊಸ ಮಷೀನು, ಕನ್ವೇಯರ್, ರೋಬೋಟ್ ಕೈ ಬಂದಾಗ ಮೊದಲು ಮನೆಗೆ ಹೋಗೋದು ಇವರೇ. ಅದೇ ಮಷೀನನ್ನ ಕೂರಿಸೋಕೆ, ನಡೆಸೋಕೆ, ರಿಪೇರಿ ಮಾಡೋಕೆ ಬರೋರು ಬೇರೆಯವರು. ಯಂತ್ರ ಒಂದು ಮನೆಯ ಒಲೆ ಆರಿಸಿ ಇನ್ನೊಂದು ಮನೆಯ ಒಲೆ ಹಚ್ಚುತ್ತೆ. ಯಾವ ಮನೆಯದ್ದು ಆರುತ್ತೆ, ಯಾವ ಮನೆಯದ್ದು ಉರಿಯುತ್ತೆ ಅನ್ನೋದು ಅದರ ಮುಂದೆ ಯಾರು ನಿಂತಿದ್ದಾರೆ ಅನ್ನೋದರ ಮೇಲೆ ಹೋಗುತ್ತೆ.

"ಯಂತ್ರಕ್ಕೆ ಜಾತಿ ಇಲ್ಲ" ಅಂತ ಭಾಷಣ ಮಾಡೋರಿಗೆ ಮುಂಬೈ ಬಟ್ಟೆ ಗಿರಣಿಗಳ ಕಥೆ ಹೇಳಬೇಕು. ಅಲ್ಲಿ ನೇಯ್ಗೆ ವಿಭಾಗದಲ್ಲಿ ಕೂಲಿ ಜಾಸ್ತಿ, ಆದರೆ ಅಸ್ಪೃಶ್ಯರಿಗೆ ಅಲ್ಲಿ ಪ್ರವೇಶ ಇರಲಿಲ್ಲ. ಕಾರಣ? ನೂಲು ಕಡಿದರೆ ಲಾಳಿಯೊಳಗಿಂದ ಅದನ್ನ ಬಾಯಿಂದ ಎಳೆದು ತೆಗೀಬೇಕಿತ್ತು. ನಮ್ಮವರ ಬಾಯಿ ತಾಗಿದ ಲಾಳಿಯನ್ನ ಸವರ್ಣ ಕಾರ್ಮಿಕರು ಮುಟ್ಟಲ್ಲ ಅಂದ್ರು. ಹಾಗಾಗಿ ನಮ್ಮವರು ಕಡಿಮೆ ಕೂಲಿಯ ನೂಲು ತೆಗೆಯೋ ವಿಭಾಗದಲ್ಲೇ ಉಳಿದರು. 1928ರ ಗಿರಣಿ ಮುಷ್ಕರದ ಹೊತ್ತಿಗೆ ಬಾಬಾಸಾಹೇಬರು ಇದನ್ನೇ ಎತ್ತಿ ನೇಯ್ಗೆ ವಿಭಾಗ ನಮ್ಮವರಿಗೂ ತೆರೆಯಬೇಕು ಅಂದರು. ಗಿರಣಿ ಒಂದೇ, ಗೇಟು ಒಂದೇ, ಸೈರನ್ನೂ ಒಂದೇ. ಯಾವ ಮಷೀನಿನ ಮುಂದೆ ಯಾರು ಅಂತ ತೀರ್ಮಾನ ಮಾಡಿದ್ದು ಮಾತ್ರ ಜಾತಿ.

1942ರಲ್ಲಿ ವೈಸ್‌ರಾಯ್ ಲಿನ್ಲಿತ್‌ಗೋ ಅವರಿಗೆ ಕೊಟ್ಟ ಮನವಿಯಲ್ಲೂ ಬಾಬಾಸಾಹೇಬರು ಬರೀ ಗುಮಾಸ್ತೆ ಕೆಲಸ ಕೇಳಲಿಲ್ಲ. ಪರಿಶಿಷ್ಟ ಜಾತಿ ವಿದ್ಯಾರ್ಥಿಗಳಿಗೆ ವಿಜ್ಞಾನ, ತಂತ್ರಜ್ಞಾನ ಓದೋಕೆ ಸ್ಕಾಲರ್‌ಶಿಪ್ ಕೇಳಿದರು. ಸರ್ಕಾರಿ ಪ್ರೆಸ್ಸುಗಳಲ್ಲಿ, ರೈಲ್ವೆ ವರ್ಕ್‌ಶಾಪುಗಳಲ್ಲಿ ನಮ್ಮ ಹುಡುಗರಿಗೆ ಅಪ್ರೆಂಟಿಸ್ ತರಬೇತಿ ಕೇಳಿದರು. ಬಾಬಾಸಾಹೇಬರು ಅಂದ್ರೆ ಬರೀ ಸಂವಿಧಾನ, ಬರೀ ಕೋಟು ಅಂತ ತಿಳ್ಕೊಂಡಿರೋರು ಇದನ್ನ ನೆನಪಿಡಬೇಕು. ವರ್ಕ್‌ಶಾಪಿನ ಬಾಗಿಲೂ ಅವರ ಹೋರಾಟದ ಭಾಗ.

ನಮ್ಮ ಬಳಗದಲ್ಲೇ ಕೆಲವು ಗೆಳೆಯರ ತಕರಾರು ಇದೆ. "ಕೌಶಲ್ಯ, ಕೌಶಲ್ಯ ಅಂತ ಹೇಳಿ ನಮ್ಮ ಮಕ್ಕಳನ್ನ ಸ್ಪ್ಯಾನರ್ ಹಿಡಿಸೋಕೆ ಕಳಿಸ್ತಾರೆ, ಅವರ ಮಕ್ಕಳು ಐಐಟಿಗೆ ಹೋಗ್ತಾರೆ" ಅಂತ. ಈ ಅನುಮಾನದಲ್ಲಿ ಹುರುಳಿದೆ. ಅಪ್ಪನ ಕಸುಬನ್ನೇ ಮಗನಿಗೆ ಕಟ್ಟೋ ಹುನ್ನಾರ ಈ ದೇಶಕ್ಕೆ ಹೊಸದಲ್ಲ. ಆದರೆ ಮೆಕಾಟ್ರಾನಿಕ್ಸ್ ನಮ್ಮ ಯಾವ ತಾತನ ಕಸುಬೂ ಅಲ್ಲ, ಇದರ ಮೇಲೆ ಯಾವ ಜಾತಿಯ ಮುದ್ರೆಯೂ ಬಿದ್ದಿಲ್ಲ. ಇಲ್ಲಿಗೆ ಓದು ನಿಲ್ಲೋದೂ ಇಲ್ಲ. ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದರೆ ಬಿಇ ಎರಡನೇ ವರ್ಷಕ್ಕೆ ನೇರ ಸೇರಬಹುದು. ಐಟಿಐ ಮಾಡಿದವರು ಡಿಪ್ಲೊಮಾ ಎರಡನೇ ವರ್ಷಕ್ಕೆ ಬರಬಹುದು. ಇಪ್ಪತ್ತು ವರ್ಷಕ್ಕೆ ಮನೆಗೆ ಸಂಬಳ ತರಲೇಬೇಕಾದ ಮಗುವಿಗೂ, ಇನ್ನೂ ಓದಬೇಕು ಅನ್ನೋ ಮಗುವಿಗೂ ಒಂದೇ ದಾರಿಯಲ್ಲಿ ಜಾಗ ಇದೆ. ವಕೀಲರು, ಐಎಎಸ್‌ನವರು, ಸಂಶೋಧಕರು ನಮಗೆ ಬೇಕೇ ಬೇಕು. ಜೊತೆಗೆ ಎರಡು ಎಕರೆಯೂ ಇಲ್ಲದ ಮನೆಯಲ್ಲಿ ಮೂರು ವರ್ಷಕ್ಕೆ ದುಡಿಮೆ ಶುರುವಾಗೋ ಓದೂ ಬೇಕು.

ಇನ್ನೊಂದು ಮಾತು. ಮ್ಯಾನ್‌ಹೋಲಿನ ಬಗ್ಗೆ ಮಾತಾಡದೆ ನಾವು ಯಂತ್ರದ ಬಗ್ಗೆ ಮಾತಾಡೋಕಾಗಲ್ಲ. 2013ರ ಕಾಯ್ದೆ ಬಂದು ಇಷ್ಟು ವರ್ಷ ಆದರೂ ನಮ್ಮವರು ಗುಂಡಿಗಿಳಿದು ಸಾಯ್ತಿದ್ದಾರೆ. ಸಾವಿನ ಪರಿಹಾರವನ್ನ 30 ಲಕ್ಷಕ್ಕೆ ಏರಿಸಿ ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿತು. ಕೇರಳದ ಯುವ ಎಂಜಿನಿಯರುಗಳ ಜೆನ್‌ರೋಬೋಟಿಕ್ಸ್ ಕಂಪನಿ ಬ್ಯಾಂಡಿಕೂಟ್ ಅನ್ನೋ ರೋಬೋಟ್ ಮಾಡಿ 2018ರಲ್ಲಿ ತಿರುವನಂತಪುರದಲ್ಲಿ ಮ್ಯಾನ್‌ಹೋಲಿಗೆ ಇಳಿಸಿತು. ಒಳಗಿನದನ್ನ ತೋರಿಸೋಕೆ ಕ್ಯಾಮೆರಾ, ಕಸ ಬಾಚಿ ಎತ್ತೋಕೆ ಯಂತ್ರದ ಕೈ. ಇದು ಅಪ್ಪಟ ಮೆಕಾಟ್ರಾನಿಕ್ಸ್. ಇಂಥ ಯಂತ್ರವನ್ನ ಎಲ್ಲ ನಗರಸಭೆಗಳೂ ಕೊಳ್ಳಲಿ ಅಂತ ನಾವು ಒತ್ತಾಯ ಮಾಡ್ತೀವಿ, ಸರಿ. ಆದರೆ ಅದನ್ನ ವಿನ್ಯಾಸ ಮಾಡೋ ಮೇಜಿನ ಸುತ್ತ, ರಿಪೇರಿ ಮಾಡೋ ಶೆಡ್ಡಿನಲ್ಲಿ, ಟೆಂಡರ್ ಬರೆಯೋ ಕೋಣೆಯಲ್ಲಿ ಪೌರಕಾರ್ಮಿಕರ ಮಕ್ಕಳು ಇರಬೇಡವಾ? ಗುಂಡಿಯೊಳಗಿನ ವಾಸನೆ, ಅಲ್ಲಿನ ಕಲ್ಲು, ಬಟ್ಟೆ, ಗಾಜಿನ ಚೂರು ಗೊತ್ತಿರೋದು ಆ ಮನೆಗಳಿಗೆ. ಅಪ್ಪನನ್ನ ಕೊಂದ ಕೆಲಸವನ್ನ ಯಂತ್ರಕ್ಕೆ ಹೊರಿಸಿ ಆ ಯಂತ್ರಕ್ಕೆ ಒಡತಿಯಾಗೋ ಹಕ್ಕು ಮಗಳಿಗಿದೆ.

ಈಗ ಗೇಟಿನ ವಿಚಾರ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್‌ವೆಲ್ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಖಾಸಗಿ ಕಂಪನಿಗಳ ಉದ್ಯೋಗ ಜಾಹೀರಾತಿಗೆ ಒಂದೇ ಅರ್ಹತೆಯ ಅರ್ಜಿಗಳನ್ನ ಬೇರೆ ಬೇರೆ ಹೆಸರಲ್ಲಿ ಕಳಿಸಿದರು. ಮೇಲ್ಜಾತಿ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರೋ ಸಾಧ್ಯತೆ ಸುಮಾರು ಮೂರನೇ ಎರಡರಷ್ಟೇ ಇತ್ತು. ಅದೇ ವರ್ಷ ಸುರಿಂದರ್ ಜೋಧ್ಕಾ, ಕ್ಯಾಥರೀನ್ ನ್ಯೂಮನ್ ಅವರು ಎಚ್‌ಆರ್ ಮ್ಯಾನೇಜರುಗಳನ್ನ ಮಾತಾಡಿಸಿದರು. ನಮಗೆ ಮೆರಿಟ್ ಒಂದೇ ಮುಖ್ಯ ಅಂದವರೇ ಇಂಟರ್‌ವ್ಯೂನಲ್ಲಿ "ಕುಟುಂಬದ ಹಿನ್ನೆಲೆ" ಕೇಳ್ತೀವಿ ಅಂದರು. ನಮ್ಮ ಕಡೆ ಈ ಪ್ರಶ್ನೆ ಹೇಗೆ ಬರುತ್ತೆ ಅಂತ ನಿಮಗೇ ಗೊತ್ತು: "ಯಾವ ಊರು? ಊರಲ್ಲಿ ಮನೆ ಯಾವ ಕಡೆ? ಮನೆದೇವರು ಯಾವುದು?" ಪಿಎಲ್‌ಸಿ ಪ್ರೋಗ್ರಾಮಿಗೂ ಮನೆದೇವರಿಗೂ ಏನ್ರೀ ಸಂಬಂಧ?

ಇದಕ್ಕೆ ನಮ್ಮ ಕೈಯಲ್ಲಿ ಒಂದು ಕಾನೂನು ಇದೆ, ಬಹಳ ಜನ ಅದರ ಹೆಸರೇ ಎತ್ತಲ್ಲ. 1961ರ ಅಪ್ರೆಂಟಿಸ್ ಕಾಯ್ದೆಗೆ 1973ರಲ್ಲಿ 3ಎ ಕಲಂ ಸೇರಿಸಿದರು. ಗೊತ್ತುಪಡಿಸಿದ ಪ್ರತಿ ವೃತ್ತಿಯಲ್ಲೂ ತರಬೇತಿ ಸ್ಥಾನಗಳನ್ನ ಎಸ್‌ಸಿ, ಎಸ್‌ಟಿಗಳಿಗೆ ಮೀಸಲಿಡಬೇಕು ಅಂತ ಅದು ಹೇಳುತ್ತೆ. ಖಾಸಗಿ ಕಾರ್ಖಾನೆಗೂ ಈ ಕಾಯ್ದೆ ಅನ್ವಯ. 2019ರ ನಿಯಮದ ಪ್ರಕಾರ 30 ಅಥವಾ ಹೆಚ್ಚು ಜನ ಕೆಲಸ ಮಾಡೋ ಸಂಸ್ಥೆ ತನ್ನ ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನ ತಗೊಳ್ಳಲೇಬೇಕು. ಖಾಸಗಿ ರಂಗದಲ್ಲಿ ಮೀಸಲಾತಿ ಕೇಳಿದರೆ ಆಕಾಶ ಬಿದ್ದುಹೋಗುತ್ತೆ ಅನ್ನೋರಿಗೆ ಹೇಳಿ, ತರಬೇತಿ ಮಟ್ಟದಲ್ಲಿ ಅದು ಕಾನೂನಿನಲ್ಲಿ ಆಗಲೇ ಇದೆ. ತರಬೇತಿ ಮುಗಿದ ಮೇಲೆ ಕೆಲಸ ಕೊಡೋ ವಿಚಾರವನ್ನ ಮಾತ್ರ 2014ರ ತಿದ್ದುಪಡಿ ಕಂಪನಿಯ ನೀತಿಗೇ ಬಿಟ್ಟಿದೆ. ಅದಕ್ಕೆ ಮುಂದಿನ ಹೋರಾಟ ಬೇಕು.

ನಾವು ಮಾಡಬೇಕಾದ್ದು ಇದು. ಪ್ರತಿ ಜಿಲ್ಲೆಯಲ್ಲೂ ಆರ್‌ಟಿಐ ಹಾಕೋಣ. ಐಟಿಐ ಅಪ್ರೆಂಟಿಸ್‌ಗಳ ಲೆಕ್ಕವನ್ನ ರಾಜ್ಯದ ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆಗೆ ಕೇಳೋಣ, ಡಿಪ್ಲೊಮಾ ಮತ್ತು ಬಿಇ ಅಪ್ರೆಂಟಿಸ್‌ಗಳದ್ದನ್ನ ಚೆನ್ನೈನಲ್ಲಿರೋ ದಕ್ಷಿಣ ವಲಯದ ಅಪ್ರೆಂಟಿಸ್‌ಶಿಪ್ ತರಬೇತಿ ಮಂಡಳಿಗೆ ಕೇಳೋಣ. ಯಾವ ಕಾರ್ಖಾನೆ ಎಷ್ಟು ಜನರನ್ನ ತಗೊಂಡಿದೆ, ಅದರಲ್ಲಿ ಎಸ್‌ಸಿ, ಎಸ್‌ಟಿ ಎಷ್ಟು ಅಂತ ಅಂಕಿ ಸಮೇತ. ಅಂಕಿ ಕೈಗೆ ಬಂದ ಮೇಲೆ ಡಿಸಿ ಆಫೀಸಿನ ಮುಂದೆ ಕೂರೋಕೆ ನಮಗೆ ಯಾರೂ ಕಲಿಸಬೇಕಿಲ್ಲ.

ಸರ್ಕಾರಕ್ಕೂ ಕೇಳಬೇಕು. ನಮ್ಮ ಜನಸಂಖ್ಯೆಗೆ ತಕ್ಕಂತೆ ಹಣ ಇಡಬೇಕು ಅಂತ 2013ರಲ್ಲಿ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಬಂತು. ಹಣ ಬೇರೆ ಕಡೆ ಹರಿಸೋಕೆ ದಾರಿಯಾಗಿದ್ದ 7(ಡಿ) ಕಲಂ 2023ರಲ್ಲಿ ಹೋಯ್ತು. ಆದರೂ ಗ್ಯಾರಂಟಿ ಯೋಜನೆಗಳಿಗೆ ಅಂತ ಅದೇ ಹಣ ಹೋಗ್ತಿದೆ. ಆ ದುಡ್ಡಲ್ಲಿ ಸರ್ಕಾರಿ ಪಾಲಿಟೆಕ್ನಿಕ್ಕುಗಳಿಗೆ ಒಳ್ಳೆ ಲ್ಯಾಬು, ಖಾಯಂ ಉಪನ್ಯಾಸಕರು, ಹೆಣ್ಣುಮಕ್ಕಳಿಗೆ ಪಕ್ಕದಲ್ಲೇ ಹಾಸ್ಟೆಲ್ಲು ಬರಬೇಕು. ಕಪ್ಪು ಹಲಗೆ ಮೇಲೆ ರೋಬೋಟ್ ಚಿತ್ರ ಬರೆದು ಕಲಿಸಿದರೆ ಯಾರಿಗೂ ಕೆಲಸ ಬರಲ್ಲ.

ಸೇರೋ ಮೊದಲು ಪೋಷಕರು ಮೂರು ವಿಷಯ ನೋಡಿ. ಒಂದು, ಕಾಲೇಜಿಗೆ ಹೋಗಿ ಲ್ಯಾಬ್ ತೆಗೆಸಿ. ಪಿಎಲ್‌ಸಿ ಕಿಟ್, ನ್ಯೂಮ್ಯಾಟಿಕ್ ಟ್ರೈನರ್, ಸಿಎನ್‌ಸಿ ಮಷೀನ್ ಇದೆಯಾ, ಮಕ್ಕಳ ಕೈಗೆ ಕೊಡ್ತಾರಾ ಕೇಳಿ. ಎರಡು, ಖಾಸಗಿ ಕಾಲೇಜಿನ ಫೀಸಿಗೆ ಸಾಲ ಮಾಡೋ ಮುಂಚೆ ಸರ್ಕಾರಿ ಸೀಟು ನೋಡಿ. 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಶುರುವಾದ ಜಿಟಿಟಿಸಿ ಈಗ ರಾಜ್ಯದ ಹಲವು ಊರುಗಳಲ್ಲಿದೆ, ಮೆಕಾಟ್ರಾನಿಕ್ಸ್ ಡಿಪ್ಲೊಮಾನೂ ಇದೆ. ಮೂರು, ಸರ್ಕಾರಿ ನೌಕರಿಯೇ ಗುರಿ ಆಗಿದ್ದರೆ ನೇಮಕಾತಿ ಅಧಿಸೂಚನೆಗಳನ್ನ ಓದಿ. ಬಹಳ ಕಡೆ ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಅಂತಷ್ಟೇ ಇರುತ್ತೆ. ಮೆಕಾಟ್ರಾನಿಕ್ಸ್ ಅನ್ನೂ ಸೇರಿಸಿ ಅನ್ನೋದು ನಮ್ಮ ಬೇಡಿಕೆ ಪಟ್ಟಿಯಲ್ಲಿ ಬರಬೇಕು.

ಕಾರ್ಖಾನೆಗಳಲ್ಲಿ ಮೆಂಟೆನೆನ್ಸ್, ಆಟೊಮೇಶನ್ ಕೆಲಸದಲ್ಲಿರೋ ನಮ್ಮ ಅಣ್ಣಂದಿರು, ಅಕ್ಕಂದಿರು ಇದನ್ನ ಓದ್ತಿದ್ದರೆ ಒಂದು ವಿನಂತಿ. ತಿಂಗಳಿಗೊಂದು ಭಾನುವಾರ ನಿಮ್ಮ ಹತ್ತಿರದ ಸಮಾಜ ಕಲ್ಯಾಣ ಹಾಸ್ಟೆಲ್ಲಿಗೆ ಬನ್ನಿ. ಇಂಗ್ಲಿಷ್ ಮ್ಯಾನುಯಲ್ ಓದೋದು ಹೇಗೆ, ಇಂಟರ್‌ವ್ಯೂನಲ್ಲಿ ಏನು ಕೇಳ್ತಾರೆ ಅಂತ ಎರಡು ಗಂಟೆ ಮಕ್ಕಳ ಜೊತೆ ಕೂತು ಹೇಳಿ. ಅವರ ಮಕ್ಕಳಿಗೆ ಇದನ್ನೆಲ್ಲ ಮನೆಯ ಊಟದ ಹೊತ್ತಲ್ಲೇ ಮಾವ, ಚಿಕ್ಕಪ್ಪ ಹೇಳಿಕೊಡ್ತಾರೆ. ನಮ್ಮ ಮಕ್ಕಳಿಗೆ ಆ ಮಾವ, ಚಿಕ್ಕಪ್ಪ ನೀವೇ. ಬರೋಕೆ ಆಗೋರು ಮೆಸೇಜ್ ಮಾಡಿ, ಹಾಸ್ಟೆಲ್ ವಾರ್ಡನ್ ಜೊತೆ ಮಾತಾಡೋ ಜವಾಬ್ದಾರಿ ನನ್ನದು.

ಜೈ ಭೀಮ್.