ದಿನ ತುಂಬಿದಷ್ಟೂ ಕೆಲಸ ತಡವಾಗುವುದೇಕೆ?

ಸಮಯದ ಸದುಪಯೋಗವೆಂದರೆ ಕೆಲಸದ ಅವಧಿಯ ಒಂದು ನಿಮಿಷವೂ ಖಾಲಿ ಇರಬಾರದು ಎಂಬ ಎಣಿಕೆ ನಮ್ಮಲ್ಲಿ ಸಾಮಾನ್ಯ. ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆಯವರೆಗೆ ಡೈರಿಯ ಪ್ರತಿ ಗಂಟೆಗೂ ಒಂದು ಕೆಲಸ ಬರೆದಿಟ್ಟುಕೊಂಡವರನ್ನು ಶಿಸ್ತಿನವರೆಂದು ಮೆಚ್ಚುತ್ತೇವೆ. ಆದರೆ ಹಾಗೆ ತುಂಬಿಸಿಟ್ಟ ದಿನವೇ ಮಧ್ಯಾಹ್ನದೊಳಗೆ ಹಳಿ ತಪ್ಪುತ್ತದೆ, ಅರ್ಧ ಕೆಲಸ ನಾಳೆಗೆ ಉಳಿಯುತ್ತದೆ. ಇದಕ್ಕೆ ಸೋಮಾರಿತನ ಕಾರಣವಲ್ಲ. ಇದರ ಹಿಂದೆ ನೂರು ವರ್ಷಕ್ಕೂ ಹಳೆಯದಾದ ಒಂದು ಲೆಕ್ಕವಿದೆ.

ಡೆನ್ಮಾರ್ಕ್‌ನ ಗಣಿತಜ್ಞ ಆಗ್ನರ್ ಕ್ರಾರುಪ್ ಎರ್ಲಾಂಗ್ ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದರು. ಕರೆ ಯಾವಾಗ ಬರುತ್ತದೆಂದು ಯಾರೂ ಮೊದಲೇ ಹೇಳಲಾರರು. ಮಾತು ಎಷ್ಟು ಹೊತ್ತಿಗೆ ಮುಗಿಯುತ್ತದೆಂದೂ ಗೊತ್ತಿರುವುದಿಲ್ಲ. ಹಾಗಿರುವಾಗ ಎಷ್ಟು ಲೈನುಗಳಿದ್ದರೆ ಜನ ಕಾಯದೆ ಮಾತಾಡಬಹುದು? ಈ ಪ್ರಶ್ನೆಯ ಬೆನ್ನುಹತ್ತಿ ಅವರು 1909ರಲ್ಲಿ ತಮ್ಮ ಮೊದಲ ಪ್ರಬಂಧ ಪ್ರಕಟಿಸಿದರು. ಸಾಲು ಹೇಗೆ ಬೆಳೆಯುತ್ತದೆ, ಹೇಗೆ ಕರಗುತ್ತದೆ ಎಂಬುದನ್ನು ಹೇಳುವ ‘ಸರದಿ ಸಿದ್ಧಾಂತ’ ಅಲ್ಲಿಂದ ಬೆಳೆಯಿತು.

ಅದರ ತಿರುಳು ತಿಳಿಯಲು ಬ್ಯಾಂಕಿನ ಒಂದು ಕೌಂಟರ್ ಸಾಕು. ಒಬ್ಬೊಬ್ಬರಿಗೂ ಹತ್ತು ನಿಮಿಷದ ಕೆಲಸ, ಹತ್ತು ನಿಮಿಷಕ್ಕೊಬ್ಬರಂತೆ ಗಡಿಯಾರದ ಹಾಗೆ ಜನ ಬರುತ್ತಾರೆ ಎಂದುಕೊಳ್ಳಿ. ಆಗ ಕೌಂಟರ್ ದಿನವಿಡೀ ತುಂಬಿದ್ದರೂ ಯಾರೂ ಕಾಯಬೇಕಾಗಿಲ್ಲ. ಆದರೆ ಜನ ಹಾಗೆ ಬರುವುದಿಲ್ಲ. ಅರ್ಧ ಗಂಟೆ ಯಾರೂ ಇರುವುದಿಲ್ಲ, ಆಮೇಲೆ ನಾಲ್ವರು ಒಟ್ಟಿಗೇ ಬರುತ್ತಾರೆ. ಒಬ್ಬರ ಕೆಲಸ ಮೂರು ನಿಮಿಷಕ್ಕೆ ಮುಗಿದರೆ ಇನ್ನೊಬ್ಬರದು ಇಪ್ಪತ್ತು ನಿಮಿಷ ಹಿಡಿಯುತ್ತದೆ. ಖಾಲಿ ಹೋದ ಅರ್ಧ ಗಂಟೆಯನ್ನು ಕೂಡಿಟ್ಟು ಆಮೇಲೆ ಬಳಸಲು ಬರುವುದಿಲ್ಲ. ಸಾಲು ಕರಗಬೇಕಾದರೆ ಮುಂದೆ ಮತ್ತೆಲ್ಲಾದರೂ ಬಿಡುವು ಸಿಗಬೇಕು. ದಿನದಲ್ಲಿ ಬಿಡುವೇ ಇಲ್ಲದಿದ್ದರೆ ಒಮ್ಮೆ ಬೆಳೆದ ಸಾಲು ಹಾಗೇ ನಿಲ್ಲುತ್ತದೆ, ಅದರ ಮೇಲೆ ಇನ್ನೊಂದು ಸೇರುತ್ತದೆ.

ಈ ಸಿದ್ಧಾಂತದ ಅತ್ಯಂತ ಸರಳ ಸೂತ್ರಕ್ಕೆ ಇದೇ ಕೌಂಟರಿನ ಅಂಕಿಗಳನ್ನು ಹಾಕಿ ನೋಡೋಣ. ಜನ ಬರುವುದಕ್ಕೂ ಕೆಲಸ ಹಿಡಿಯುವ ಹೊತ್ತಿಗೂ ನಿಯಮವಿಲ್ಲ, ಸರಾಸರಿ ಕೆಲಸ ಮಾತ್ರ ಹತ್ತು ನಿಮಿಷ. ಕೌಂಟರ್ ಶೇ 50ರಷ್ಟು ಹೊತ್ತು ನಿರತವಾಗಿದ್ದರೆ ಸರಾಸರಿ ಕಾಯುವಿಕೆ 10 ನಿಮಿಷ. ಶೇ 80 ಆದರೆ 40 ನಿಮಿಷ, ಶೇ 90 ಆದರೆ 90 ನಿಮಿಷ. ಶೇ 95ಕ್ಕೆ ಏರಿದರೆ 190 ನಿಮಿಷ, ಅಂದರೆ ಮೂರು ಗಂಟೆಗೂ ಹೆಚ್ಚು! ಕೊನೆಯ ಐದು ಪಾಲು ಕೆಲಸವನ್ನು ತುರುಕಿದ್ದಕ್ಕೆ ಕಾಯುವಿಕೆ ದುಪ್ಪಟ್ಟು ದಾಟಿತು. ನಮ್ಮ ಅಂದಾಜು ತಪ್ಪುವುದು ಇಲ್ಲೇ. ಕೆಲಸ ಸ್ವಲ್ಪ ಹೆಚ್ಚಿದರೆ ತಡವೂ ಸ್ವಲ್ಪವೇ ಹೆಚ್ಚುತ್ತದೆ ಎಂದುಕೊಳ್ಳುತ್ತೇವೆ.

ಮೇಜಿನ ಮುಂದೆ ಕೂತ ನಾವೂ ಇಂಥದೇ ಒಂದು ಕೌಂಟರ್. ಟಪಾಲು, ಫೋನು, ಮೇಲಧಿಕಾರಿಯ ಕರೆ, ‘ಒಂದೇ ನಿಮಿಷ ಸಾರ್’ ಎಂದು ಬರುವ ಸಹೋದ್ಯೋಗಿ, ಯಾವುದೂ ಹೇಳಿ ಬರುವುದಿಲ್ಲ. ಇದರ ಜೊತೆಗೆ ಕೈಗೆತ್ತಿಕೊಂಡು ಅರ್ಧಕ್ಕೆ ಬಿಟ್ಟ ಕೆಲಸಗಳ ಹೊರೆಯೂ ಇರುತ್ತದೆ. ಅಮೆರಿಕದ ಜಾನ್ ಲಿಟಲ್ 1961ರಲ್ಲಿ ಗಣಿತದಿಂದ ಸಾಧಿಸಿ ತೋರಿಸಿದ ಒಂದು ನಿಯಮ ಇಲ್ಲಿ ನೆರವಿಗೆ ಬರುತ್ತದೆ. ಮೇಜಿನ ಮೇಲೆ 40 ಕಡತಗಳಿದ್ದು ದಿನಕ್ಕೆ ಸರಾಸರಿ 5 ವಿಲೇವಾರಿಯಾದರೆ, ಒಂದು ಕಡತ ಆ ಮೇಜಿನ ಮೇಲೆ ಸರಾಸರಿ 8 ದಿನ ಕಳೆಯುತ್ತದೆ. ವೇಗ ಅಷ್ಟೇ ಇದ್ದರೂ, ಕೈಯಲ್ಲಿರುವ ಕಡತಗಳನ್ನು 20ಕ್ಕೆ ಇಳಿಸಿ ಆ ಮಟ್ಟದಲ್ಲೇ ಇಟ್ಟುಕೊಂಡರೆ 4 ದಿನ ಸಾಕು. ಹೊಸದನ್ನು ಶುರು ಮಾಡುವ ಮೊದಲು ಹಳೆಯದನ್ನು ಮುಗಿಸುವುದಕ್ಕೆ ಇಷ್ಟು ಬೆಲೆಯಿದೆ.

ಮನುಷ್ಯನಿಗೂ ಕೌಂಟರಿಗೂ ಒಂದು ವ್ಯತ್ಯಾಸವಿದೆ. ಕೌಂಟರ್ ಹಿಂದಿನ ಗ್ರಾಹಕರನ್ನು ನೆನೆಯುತ್ತ ಕೂರುವುದಿಲ್ಲ, ನಮ್ಮ ಮನಸ್ಸು ಕೂರುತ್ತದೆ. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಗಮನದ ಒಂದು ಪಾಲು ಹಿಂದಿನದರಲ್ಲೇ ಸಿಕ್ಕಿಕೊಂಡಿರುತ್ತದೆ, ಅದರಿಂದ ಮುಂದಿನ ಕೆಲಸ ಕುಂದುತ್ತದೆ ಎಂಬುದನ್ನು ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತೋರಿಸಿದರು. ಹೀಗೆ ಹಿಂದೆ ಉಳಿಯುವುದನ್ನು ‘ಗಮನದ ಶೇಷ’ ಎನ್ನಬಹುದು. ವಾಟ್ಸ್ಆ್ಯಪ್ ನೋಡಲು ಹಿಡಿಯುವುದು ಅರ್ಧ ನಿಮಿಷವೇ ಇರಬಹುದು, ಆದರೆ ಮರಳಿ ಲೆಕ್ಕದ ಸಾಲಿನಲ್ಲಿ ಮನಸ್ಸು ನಿಲ್ಲಲು ಹಿಡಿಯುವ ಹೊತ್ತನ್ನು ನಾವು ಎಣಿಸುವುದೇ ಇಲ್ಲ.

ಅಂದಾಜಿನ ದೋಷವೂ ಸೇರಿಕೊಳ್ಳುತ್ತದೆ. 1994ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನದಲ್ಲಿ, ತಮ್ಮ ಪ್ರಬಂಧ ಮುಗಿಸಲು ಸುಮಾರು 34 ದಿನ ಬೇಕೆಂದು ಸರಾಸರಿ ಅಂದಾಜಿಸಿದ್ದ ವಿದ್ಯಾರ್ಥಿಗಳಿಗೆ ಕೊನೆಗೆ 55 ದಿನಕ್ಕೂ ಹೆಚ್ಚು ಹಿಡಿಯಿತು. ಎಲ್ಲವೂ ಸುಸೂತ್ರವಾಗಿ ನಡೆಯುವ ಚಿತ್ರವನ್ನೇ ಕಣ್ಮುಂದೆ ಇಟ್ಟುಕೊಂಡು ನಾವು ಲೆಕ್ಕ ಹಾಕುತ್ತೇವೆ. ಹೀಗಾಗಿ ಶೇ 80 ತುಂಬಿದೆ ಎಂದುಕೊಂಡ ದಿನ ಬಹುಪಾಲು ಅದಕ್ಕಿಂತ ಹೆಚ್ಚೇ ತುಂಬಿರುತ್ತದೆ.

ಬಿಡುವು ಕೊಟ್ಟರೆ ಕೆಲಸವೇ ಉಬ್ಬಿ ಅದನ್ನೂ ನುಂಗುತ್ತದಲ್ಲ ಎಂದು ಕೆಲವರು ಕೇಳಬಹುದು. ಸಿ. ನಾರ್ತ್‌ಕೋಟ್ ಪಾರ್ಕಿನ್ಸನ್ 1955ರಲ್ಲೇ ಹೇಳಿದ ಮಾತು ಅದು, ಅದರಲ್ಲಿ ಹುರುಳಿದೆ. ಆದ್ದರಿಂದ ಬಿಡುವನ್ನು ಯಾವುದೇ ಒಂದು ಕೆಲಸದ ಗಡುವಿಗೆ ಸೇರಿಸಬಾರದು. ಕೆಲಸಕ್ಕೆ ಅದರ ಗಡುವೇ ಇರಲಿ, ಬಿಡುವನ್ನು ಬೇರೆಯೇ ತೆಗೆದಿಡಬೇಕು. ಏಳು ಗಂಟೆಯ ದಿನದಲ್ಲಿ ಸುಮಾರು ಒಂದೂವರೆ ಗಂಟೆ, ಬೆಳಿಗ್ಗೆ ಸ್ವಲ್ಪ, ಮಧ್ಯಾಹ್ನದ ನಂತರ ಸ್ವಲ್ಪ ಇದ್ದರೆ ಹೇಳದೆ ಬಂದ ಕೆಲಸಗಳು ಅಲ್ಲಿ ಕರಗುತ್ತವೆ. ಏನೂ ಬಾರದಿದ್ದರೆ ನಾಳೆಯದನ್ನು ಇಂದೇ ಎತ್ತಿಕೊಳ್ಳಬಹುದು. ಆಸ್ಪತ್ರೆಯ ದಾದಿಯರಿಗೋ ವಿಚಾರಣಾ ಕೌಂಟರಿನವರಿಗೋ ಅಡಚಣೆಯೇ ಕೆಲಸ. ಅವರಿಗೆ ಈ ಬಿಡುವು ಸಿಗಬೇಕಾದರೆ ಸಾಕಷ್ಟು ಸಿಬ್ಬಂದಿ ಇರಬೇಕು.

ಹಾಗಾಗಿ ಈ ಮಾತು ನೌಕರರಿಗಿಂತ ಮೇಲಿನವರಿಗೆ ಹೆಚ್ಚು ಸಲ್ಲುತ್ತದೆ. ತನ್ನ ದಿನವನ್ನು ಹೀಗೆ ಹಂಚಿಕೊಳ್ಳುವ ಸ್ವಾತಂತ್ರ್ಯ ಎಲ್ಲರಿಗೂ ಇರುವುದಿಲ್ಲ, ಅದನ್ನು ಕೊಡುವವರು ವ್ಯವಸ್ಥಾಪಕರು. ಅಗ್ನಿಶಾಮಕ ಠಾಣೆಯಲ್ಲಿ ಕರೆಗಾಗಿ ಕಾಯುತ್ತ ಕೂತ ಸಿಬ್ಬಂದಿಯನ್ನು ನಾವು ಯಾರೂ ದಂಡ ಎನ್ನುವುದಿಲ್ಲ. ಕಚೇರಿಯಲ್ಲೂ ಅಧೀನ ನೌಕರರೊಬ್ಬರ ಕೈ ಸ್ವಲ್ಪ ಹೊತ್ತು ಖಾಲಿ ಕಂಡರೆ ಕೂಡಲೇ ಇನ್ನೊಂದು ಕೆಲಸ ಹೊರಿಸುವ ಮುನ್ನ, ಅವರ ಮೇಜಿನ ಮೇಲೆ ಎಷ್ಟು ಕಡತಗಳು ಅರ್ಧಕ್ಕೆ ನಿಂತಿವೆ ಎಂದು ದಯವಿಟ್ಟು ಒಮ್ಮೆ ಕೇಳಿ.