ನಲ್ಲಿ ಮತ್ತು ಬಚ್ಚಲು



ಈರುಳ್ಳಿ ಬೆಲೆ ಏರಿದರೆ ನಾವು ಮಳೆಯನ್ನೋ ಸರ್ಕಾರವನ್ನೋ ಬೈಯುತ್ತೇವೆ. ನೀವು ಇಂಟರ್ನೆಟ್ಟಿನಲ್ಲಿ ಆಡುವ ಆಟಗಳಲ್ಲಿ ಮಳೆಯೂ ಇಲ್ಲ, ಬೆಳೆಯೂ ಇಲ್ಲ. ಆದರೂ ಅಲ್ಲಿ ಬೆಲೆ ಏರುತ್ತದೆ. ಏಕೆಂದು ಯೋಚಿಸಿದ್ದೀರಾ?

ದೇಶದಲ್ಲಿ ಹಣ ಎಷ್ಟು ಓಡಾಡಬೇಕೆಂಬುದರ ಮೇಲೆ ರಿಸರ್ವ್ ಬ್ಯಾಂಕು ಕಣ್ಣಿಟ್ಟಿರುತ್ತದೆ. ಆಟದಲ್ಲಿ ಹಾಗಲ್ಲ. ಒಬ್ಬ ರಾಕ್ಷಸನನ್ನು ಕೊಂದರೆ ಸಾಕು, ಅದುವರೆಗೆ ಇಲ್ಲದಿದ್ದ ನಾಣ್ಯಗಳು ಆ ಕ್ಷಣವೇ ಹುಟ್ಟುತ್ತವೆ. ಸಾವಿರಾರು ಮಂದಿ ಹಗಲಿರುಳು ಆಡುತ್ತಿದ್ದರೆ ಈ ನಲ್ಲಿ ನಿಲ್ಲುವುದೇ ಇಲ್ಲ. ಆಯುಧದ ದುರಸ್ತಿ, ಸುಂಕ ಎಂದು ನಾಣ್ಯ ಹರಿದುಹೋಗಲು ಬಚ್ಚಲೂ ಬೇಕಲ್ಲವೇ? ಅದು ಕಿರಿದಾದರೆ ತೊಟ್ಟಿ ತುಂಬಿ ಚೆಲ್ಲುತ್ತದೆ. ಅದೇ ಹಣದುಬ್ಬರ.

2000ದಲ್ಲಿ ಬಂದ ‘ಡಯಾಬ್ಲೊ 2’ ಆಟವನ್ನೇ ನೋಡಿ. ಅಲ್ಲಿ ಚಿನ್ನಕ್ಕೆ ಬೆಲೆಯೇ ಉಳಿಯಲಿಲ್ಲ. ಆಟಗಾರರು ‘ಸ್ಟೋನ್ ಆಫ್ ಜೋರ್ಡನ್’ ಎಂಬ ಉಂಗುರವನ್ನೇ ಹಣವಾಗಿ ಬಳಸತೊಡಗಿದರು. ಚಿಕ್ಕದು, ಎಲ್ಲರಿಗೂ ಬೇಕಾದದ್ದು. ಕೆಲವರು ಕಳ್ಳದಾರಿಯಲ್ಲಿ ಅದರ ನಕಲು ತೆಗೆದರು, ಉಂಗುರವೂ ಅಗ್ಗವಾಯಿತು. 2003ರಲ್ಲಿ ಕಂಪನಿಯವರು ಒಂದು ಉಪಾಯ ಹೂಡಿದರು. ಆಟದೊಳಗಿನ ಅಂಗಡಿಗೆ ಸಾಕಷ್ಟು ಉಂಗುರ ಮಾರಿದರೆ ಮಹಾರಾಕ್ಷಸನೊಬ್ಬ ಪ್ರತ್ಯಕ್ಷನಾಗುತ್ತಿದ್ದ. ಅವನನ್ನು ಗೆಲ್ಲುವ ಆಸೆಗೆ ಜನ ತಾವಾಗಿಯೇ ಉಂಗುರಗಳನ್ನು ಬಚ್ಚಲಿಗೆ ಸುರಿದರು! ‘ಓಲ್ಡ್ ಸ್ಕೂಲ್ ರೂನ್‌ಸ್ಕೇಪ್’ನವರು 2021ರಲ್ಲಿ ನೇರವಾಗಿ ಮಾರಾಟದ ಮೇಲೆ ನೂರಕ್ಕೆ ಒಂದರಂತೆ ತೆರಿಗೆ ಹಾಕಿದರು.

ಬೆಲೆ ಏರಿದರೆ ಹಳಬರಿಗೆ ಚಿಂತೆಯಿಲ್ಲ, ಅವರ ಬಳಿ ಒಳ್ಳೆಯ ಕತ್ತಿ, ಕವಚಗಳಿರುತ್ತವೆ. ಪೆಟ್ಟು ಬೀಳುವುದು ನಿನ್ನೆ ಸೇರಿದ ಹುಡುಗನಿಗೆ. ರಾಕ್ಷಸ ಕೊಡುವುದು ಅಂದಿನ ಹತ್ತೇ ನಾಣ್ಯ, ಕತ್ತಿಯ ಬೆಲೆ ಮಾತ್ರ ಲಕ್ಷ. ಆಗ ಅವನು ಅಪ್ಪನ ರೂಪಾಯಿ ಕೊಟ್ಟು ಕಳ್ಳಸಂತೆಯಲ್ಲಿ ಚಿನ್ನ ಕೊಳ್ಳಲು ಹೊರಡುತ್ತಾನೆ. ಮಾರುವವರು ಅವನಂಥವರಿಗಾಗಿಯೇ ಯಂತ್ರಗಳಿಂದ ಆಡಿಸಿ ನಲ್ಲಿಯನ್ನು ಇನ್ನಷ್ಟು ತಿರುವುತ್ತಾರೆ. ಬೆಲೆ ಮತ್ತೆ ಏರುತ್ತದೆ.

ಇದು ಬರೀ ಆಟವೆಂದು ನಗಬೇಡಿ. 2017ರ ಸುಮಾರಿಗೆ ವೆನೆಜುವೆಲಾದಲ್ಲಿ ನಿಜವಾದ ಹಣವೇ ದಿನದಿನಕ್ಕೂ ಬೆಲೆ ಕಳೆದುಕೊಳ್ಳುತ್ತಿತ್ತು. ಅಲ್ಲಿನ ಎಷ್ಟೋ ಮಂದಿ ರೂನ್‌ಸ್ಕೇಪಿನಲ್ಲಿ ಚಿನ್ನ ಗಳಿಸಿ, ಹೊರಗಿನವರಿಗೆ ಮಾರಿ ಮನೆಗೆ ದಿನಸಿ ತಂದರು. ಆಟದ ನಿಯಮ ಅದನ್ನು ಒಪ್ಪದು. ಆದರೆ ಅವರಿಗೆ ದೇಶದ ನೋಟಿಗಿಂತ ಆಟದ ನಾಣ್ಯವೇ ಗಟ್ಟಿಯಾಗಿ ಕಂಡಿತು.

ಆಟವಾಡಿ, ಬೇಡವೆನ್ನುವುದಿಲ್ಲ. ರೂಪಾಯಿ ಹಾಕುವ ಮುನ್ನ ಮಾತ್ರ ಈ ಆಟದ ಬಚ್ಚಲು ಎಲ್ಲಿದೆ ಎಂದು ಹುಡುಕಿ. ಕಾಣದಿದ್ದರೆ ನಿಮ್ಮ ಜೇಬೇ ಆ ಬಚ್ಚಲು ಎಂದು ತಿಳಿಯಿರಿ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಮಾತಾಡೋಣ.