ಮಾಳಿಗೆಯ ಮೇಲೆ ಬಿಸಿಲು, ಮನೆಯೊಳಗೆ ಕತ್ತಲೆ

ಇತ್ತೀಚೆಗೆ ನಮ್ಮ ಮನೆಗೆ ದಯಮಾಡಿಸುವ ಬಂಧುಗಳು ಕುಶಲಪ್ರಶ್ನೆ ಮುಗಿಯುವ ಮೊದಲೇ ಮಾಳಿಗೆಯ ಕಡೆ ಕೈದೋರಿ ಕೇಳುವುದು ಎರಡು ಮಾತು: ಎಷ್ಟು ಖರ್ಚು ಬಂತು? ಬಿಲ್ಲು ಎಷ್ಟು ಇಳಿಯಿತು? ಎರಡೂ ಯೋಗ್ಯವಾದ ಪ್ರಶ್ನೆಗಳೇ. ಆದರೆ ಇವುಗಳಿಗಿಂತ ಮೊದಲು ಕೇಳಬೇಕಾದ ಮೂರನೆಯ ಪ್ರಶ್ನೆಯೊಂದುಂಟು. ಅದನ್ನು ನಾನು ಕೇಳಲಿಲ್ಲ. ಕೇಳದೆ ಹೋದುದರ ಫಲವನ್ನು ಒಂದು ರಾತ್ರಿ ಮನೆಮಂದಿಯೆಲ್ಲ ಅನುಭವಿಸಬೇಕಾಯಿತು. ವಾಚಕ ಬಂಧುಗಳಿಗೆ ಅಂತಹ ರಾತ್ರಿ ಬಾರದಿರಲೆಂದು ಈ ತಿಂಗಳ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ಧಾರವಾಡದಲ್ಲಿ ನಮ್ಮದು ತಂದೆಯವರು ಕಟ್ಟಿಸಿದ ಮನೆ. ನನ್ನ ಹಿರಿಯ ಅಕ್ಕ ನಮ್ಮೊಂದಿಗೆ ಇದ್ದಾರೆ. ಅವರಿಗೆ ಶ್ವಾಸಕೋಶದ ವ್ಯಾಧಿ. 2024ರ ದೀಪಾವಳಿಯ ತರುವಾಯ ವೈದ್ಯರು, ರಾತ್ರಿಯ ಹೊತ್ತು ಅವರಿಗೆ ಆಮ್ಲಜನಕ ಕೊಡಲೇಬೇಕೆಂದು ಹೇಳಿದರು. ಗಾಳಿಯಿಂದಲೇ ಆಮ್ಲಜನಕವನ್ನು ಬೇರ್ಪಡಿಸಿ ಕೊಡುವ ಯಂತ್ರವೊಂದು ಮನೆಗೆ ಬಂತು. ಅದಕ್ಕೆ ಸುಮಾರು 300 ವ್ಯಾಟ್ ವಿದ್ಯುತ್ ಬೇಕು. ರಾತ್ರಿ ಹತ್ತು ಗಂಟೆ ನಡೆದರೆ 3 ಯೂನಿಟ್. ತಿಂಗಳಿಗೆ 90 ಯೂನಿಟ್. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯ ಲಾಭವನ್ನು ನಾವೂ ಪಡೆಯುತ್ತಿದ್ದೆವು. ಆದರೆ ತಿಂಗಳ ಬಳಕೆ 200 ಯೂನಿಟ್ ಮೀರಿದರೆ ಆ ತಿಂಗಳ ಇಡೀ ಬಿಲ್ಲನ್ನು ಗ್ರಾಹಕನೇ ತುಂಬಬೇಕು. ನಾವು ಮೀರಿದೆವು. ಆಗ ಮಗನು ಸೌರಫಲಕದ ವಿಚಾರ ತೆಗೆದನು.

ಕೇಂದ್ರ ಸರ್ಕಾರವು 2024ರ ಫೆಬ್ರವರಿಯಲ್ಲಿ ಆರಂಭಿಸಿದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ 2 ಕಿಲೋವ್ಯಾಟಿಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000 ರೂಪಾಯಿ, ಹೀಗೆ 3 ಕಿಲೋವ್ಯಾಟಿಗೆ ಒಟ್ಟು 78,000 ರೂಪಾಯಿ ಸಹಾಯಧನವಿದೆ. ಅದಕ್ಕಿಂತ ದೊಡ್ಡದನ್ನು ಹಾಕಿಸಿದರೂ ಸಹಾಯಧನ ಅಷ್ಟೇ. ನಾವು 540 ವ್ಯಾಟಿನ ಆರು ಫಲಕಗಳನ್ನು ಹಾಕಿಸಿದೆವು. ಸುಮಾರು 300 ಚದರ ಅಡಿ ಜಾಗ ಹಿಡಿಯಿತು. ದಕ್ಷಿಣಕ್ಕೆ ಮುಖ, 15 ಡಿಗ್ರಿಯಷ್ಟು ಓರೆ. ನಮ್ಮೂರಿನ ಅಕ್ಷಾಂಶವೂ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಅದು ಹೊಂದುತ್ತದೆ. ಒಂದು ಕಿಲೋವ್ಯಾಟು ವರ್ಷದ ಸರಾಸರಿಯಲ್ಲಿ ದಿನಕ್ಕೆ 4 ಯೂನಿಟ್ಟಿನಷ್ಟು ಕೊಡುತ್ತದೆ, ಮಳೆಗಾಲದಲ್ಲಿ ಕಡಿಮೆ. ಹಗಲಿನಲ್ಲಿ ನಮ್ಮ ಬಳಕೆಗೆ ಮಿಕ್ಕಿದ್ದು ಬೀದಿಯ ಲೈನಿಗೆ ಹೋಗುತ್ತದೆ, ರಾತ್ರಿ ಬೇಕಾದದ್ದು ಲೈನಿನಿಂದ ಬರುತ್ತದೆ. ಹೋದದ್ದನ್ನೂ ಬಂದದ್ದನ್ನೂ ಹೊಸ ಮೀಟರು ಬೇರೆಬೇರೆಯಾಗಿ ಬರೆದಿಡುತ್ತದೆ. ಸಹಾಯಧನ ಕಳೆದು ನಮ್ಮ ಕೈಯಿಂದ ಬಿದ್ದದ್ದು ಒಂದು ಲಕ್ಷದ ಸಮೀಪ. ಬಿಲ್ಲು ನಿಜವಾಗಿಯೂ ಇಳಿಯಿತು. ಎಲ್ಲರೂ ಸಂತೋಷಪಟ್ಟೆವು.

2025ರ ಮೇ ತಿಂಗಳ ಒಂದು ಸಂಜೆ ಗಾಳಿಮಳೆ ಎದ್ದಿತು. ಓಣಿಯ ಕೊನೆಯಲ್ಲಿ ಮರವೊಂದು ತಂತಿಯ ಮೇಲೆ ಬಿದ್ದು ರಾತ್ರಿ ಒಂಬತ್ತಕ್ಕೆ ಕರೆಂಟ್ ಹೋಯಿತು. ಮನೆಯಲ್ಲಿ ಹಳೆಯ ಇನ್ವರ್ಟರಿನ ಬ್ಯಾಟರಿ ಇತ್ತು. ನಾಲ್ಕು ದೀಪಗಳಿಗೆ ಸಾಕಾಗುತ್ತಿದ್ದ ಆ ಬ್ಯಾಟರಿ ಅಕ್ಕನ ಯಂತ್ರವನ್ನು ಎರಡೂವರೆ ಗಂಟೆ ನಡೆಸಿ ನಿಂತುಹೋಯಿತು. ವೈದ್ಯರ ಸೂಚನೆಯಂತೆ ಸಣ್ಣ ಆಕ್ಸಿಜನ್ ಸಿಲಿಂಡರ್ ಒಂದನ್ನು ಇಟ್ಟುಕೊಂಡಿದ್ದೆವು. ಅದನ್ನು ಜೋಡಿಸಿ, ಅದರ ಮುಳ್ಳು ಇಳಿಯುವುದನ್ನು ಬ್ಯಾಟರಿದೀಪದ ಬೆಳಕಿನಲ್ಲಿ ನೋಡುತ್ತ ಕುಳಿತೆವು. ನನ್ನ ಮನಸ್ಸಿನಲ್ಲಿ ಒಂದೇ ಧೈರ್ಯ: ಬೆಳಗಾದರೆ ಸಾಕು, ಮಾಳಿಗೆಯ ಮೇಲೆ ನಮ್ಮದೇ ವಿದ್ಯುತ್ತು ಇದೆ.

ಬೆಳಗಾಯಿತು. ತೊಳೆದಿಟ್ಟಂತೆ ಆಕಾಶ, ಕಣ್ಣು ಕುಕ್ಕುವ ಬಿಸಿಲು. ಫಲಕಗಳು ಹೊಳೆಯುತ್ತಿದ್ದವು. ಆದರೆ ಇನ್ವರ್ಟರಿನಲ್ಲಿ ಕೆಂಪು ದೀಪ. ಮನೆಯಲ್ಲಿ ಒಂದು ಬಲ್ಬೂ ಹತ್ತಲಿಲ್ಲ. ಮಗನು ಬೇರೊಂದು ಸಿಲಿಂಡರಿಗಾಗಿ ಹುಬ್ಬಳ್ಳಿಯ ಕಡೆ ಧಾವಿಸಿದನು. ಫಲಕ ಕೂಡಿಸಿದವರಿಗೆ ನಾನು ದೂರವಾಣಿ ಮಾಡಿದರೆ, "ಕರೆಂಟ್ ಬಂದ ಮೇಲೆ ತಾನಾಗಿಯೇ ಚಾಲೂ ಆಗುತ್ತದೆ" ಎಂಬ ಉತ್ತರ ಬಂತು. ಮಾರುವಾಗ, ಇನ್ನು ಮೇಲೆ ಕರೆಂಟಿನ ಚಿಂತೆಯೇ ಇಲ್ಲವೆಂದು ಹೇಳಿದವರು ಅವರೇ.

ಕೋಪದಿಂದ ಹೊರಗೆ ಬಂದೆ. ನಮ್ಮ ಮನೆಯೆದುರಿನ ಕಂಬದ ಬಳಿ ಲೈನ್‌ಮನ್ ಒಬ್ಬ ಏಣಿ ಹಚ್ಚುತ್ತಿದ್ದ. ಇಡೀ ರಾತ್ರಿ ಮಳೆಯಲ್ಲಿ ತೊಯ್ದು ಕೆಲಸ ಮಾಡಿದ ಹುಡುಗ. ಇಷ್ಟು ಬಿಸಿಲಿದ್ದರೂ ನಮ್ಮ ಯಂತ್ರ ಕೆಟ್ಟು ನಿಂತಿದೆಯೆಂದು ಅವನೊಡನೆ ಹೇಳಿಕೊಂಡೆ. ಅವನು ನಕ್ಕು ಹೀಗೆಂದ:

"ಅದು ಕೆಟ್ಟಿಲ್ರೀ ಸರ್ರ. ಅದು ಬಂದ್ ಆಗೇತಂತ ನಾ ಈ ಕಂಬ ಏರಾಕತ್ತೇನಿ. ನಿಮ್ಮ ಮಾಳಿಗಿ ಮ್ಯಾಲಿನ ಕರೆಂಟ್ ಈ ತಂತಿಗೆ ಬಂದ್ರ ನನ್ನ ಮನಿ ಮಂದಿ ಗತಿ ಏನ್ರೀ?"

ನನ್ನ ಕೋಪ ಅಲ್ಲಿಯೇ ಇಳಿಯಿತು. ಆಮೇಲೆ ತಿಳಿದವರನ್ನು ಕೇಳಿ ವಿಷಯವನ್ನು ಮನದಟ್ಟು ಮಾಡಿಕೊಂಡೆ. ಲೈನಿಗೆ ಜೋಡಿಸಿದ ಸೌರ ಇನ್ವರ್ಟರು ಲೈನಿನಲ್ಲಿ ವಿದ್ಯುತ್ ನಿಂತ ಕ್ಷಣವೇ ತಾನೂ ನಿಲ್ಲಬೇಕು. ಅದನ್ನು ಹಾಗೆಯೇ ನಿರ್ಮಿಸಿರುತ್ತಾರೆ. ಮನೆಯಿಂದ 230 ವೋಲ್ಟಿನ ವಿದ್ಯುತ್ತು ಬೀದಿಗೆ ಹರಿದರೆ, ಓಣಿಯ ಟ್ರಾನ್ಸ್‌ಫಾರ್ಮರು ಅದನ್ನೇ ತಿರುಗುಮುರುಗಾಗಿ 11,000 ವೋಲ್ಟಿಗೆ ಏರಿಸಬಲ್ಲದು. ಕರೆಂಟ್ ಇಲ್ಲವೆಂದು ನಂಬಿ ತಂತಿ ಮುಟ್ಟಿದವನ ಪ್ರಾಣ ಹೋಗುತ್ತದೆ. ನಮ್ಮ ಮನೆಯ ಆ ಕತ್ತಲೆ, ಕಂಬದ ಮೇಲಿರುವವನ ಪ್ರಾಣರಕ್ಷಣೆಗಾಗಿ ಏರ್ಪಟ್ಟದ್ದು. ಯಂತ್ರದ ತಪ್ಪು ಎಳ್ಳಷ್ಟೂ ಇರಲಿಲ್ಲ. ತಿಳಿಸದೆ ಮಾರಿದವರದು ಒಂದು ತಪ್ಪು. ತಿಳಿಯದೆ ಸಹಿ ಹಾಕಿದ ನನ್ನದು ಇನ್ನೊಂದು. ಅಕ್ಕನ ಯಂತ್ರದ ಸಲುವಾಗಿಯೇ ಇಷ್ಟೆಲ್ಲ ಮಾಡಿದವನು, ಕರೆಂಟ್ ಹೋದಾಗ ಆ ಯಂತ್ರ ನಡೆಯುವುದೇ ಎಂದು ಒಂದು ಮಾತು ಕೇಳಲಿಲ್ಲ.

ಆಷಾಢದಲ್ಲಿ ಬ್ಯಾಟರಿ ಬಂತು. ಲೈನು, ಫಲಕ, ಬ್ಯಾಟರಿ ಮೂರನ್ನೂ ನಡೆಸಬಲ್ಲ ಹೈಬ್ರಿಡ್ ಇನ್ವರ್ಟರನ್ನು ಹೊಸದಾಗಿ ಕೂಡಿಸಬೇಕಾಯಿತು. ಕರೆಂಟ್ ಹೋದಾಗ ಅದು ಮೊದಲು ಮನೆಯನ್ನು ಬೀದಿಯ ಲೈನಿನಿಂದ ಪೂರ್ತಿಯಾಗಿ ಬೇರ್ಪಡಿಸುತ್ತದೆ. ಅನಂತರವೇ ಒಳಗೆ ವಿದ್ಯುತ್ ಕೊಡುತ್ತದೆ. ಹೀಗಾಗಿ ಕಂಬದವನೂ ಕ್ಷೇಮ, ಮನೆಯವರೂ ಕ್ಷೇಮ. ನಾವು ಕೊಂಡದ್ದು 5 ಯೂನಿಟ್ ಹಿಡಿಯುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಹಳೆಯ ಬ್ಯಾಟರಿಯಂತೆ ಇದಕ್ಕೆ ನೀರು ಹಾಕುವ ಕೆಲಸವಿಲ್ಲ. ಬಿಸಿಲು ತಾಗದ, ಗಾಳಿಯಾಡುವ ಪಡಸಾಲೆಯ ಗೋಡೆಗೆ ಅದನ್ನು ಕೂಡಿಸಿದರು. ಸಹಾಯಧನ ಫಲಕಗಳ ಲೆಕ್ಕದ ಮೇಲೆ ಸಿಗುವಂತಹದು. ಬ್ಯಾಟರಿಗೆಂದು ನಮಗೆ ಏನೂ ದೊರೆಯಲಿಲ್ಲ. ಬ್ಯಾಟರಿಗೂ ಹೊಸ ಇನ್ವರ್ಟರಿಗೂ ಸೇರಿ, ಫಲಕಗಳಿಗೆ ನಮ್ಮ ಕೈಯಿಂದ ಹೋದುದಕ್ಕಿಂತ ಹೆಚ್ಚೇ ಆಯಿತು. ಮೊದಲೇ ತಿಳಿದಿದ್ದರೆ ಒಂದು ಇನ್ವರ್ಟರಿನ ಹಣವಾದರೂ ಉಳಿಯುತ್ತಿತ್ತು.

ಬ್ಯಾಟರಿ ಕೂಡಿಸುವ ದಿನ ಸೊಸೆಯು ಕಾಗದ, ಪೆನ್ನು ಹಿಡಿದು ಕುಳಿತಳು. 5 ಯೂನಿಟ್ಟಿನ ಬ್ಯಾಟರಿಯಲ್ಲಿ ಬಳಕೆಗೆ ಸಿಗುವುದು ನಾಲ್ಕು, ನಾಲ್ಕೂವರೆ. ಅಕ್ಕನ ಯಂತ್ರಕ್ಕೆ ರಾತ್ರಿಗೆ 3 ಯೂನಿಟ್. ಉಳಿದುದರಲ್ಲಿ ಒಂದು ಫ್ಯಾನು, ಮೂರು ಎಲ್‌ಇಡಿ ದೀಪ. ಗೀಸರು, ಮಿಕ್ಸರು, ನೀರಿನ ಮೋಟರು, ಫ್ರಿಜ್ ಇವೆಲ್ಲ ಪಟ್ಟಿಯಿಂದ ಹೊರಗೆ. ಬೇಕಾದವುಗಳಿಗೆ ಮಾತ್ರ ಬೇರೆ ತಂತಿ ಎಳೆಸಿದೆವು. ಯಾವುದಿಲ್ಲದೆ ಒಂದು ರಾತ್ರಿ ಕಳೆಯಬಹುದು, ಯಾವುದಿಲ್ಲದೆ ಕಳೆಯಲಾಗದು ಎಂಬ ವಿಚಾರವನ್ನು ನಮ್ಮ ಮನೆಯಲ್ಲಿ ಎಲ್ಲರೂ ಕೂಡಿ ಮಾಡಿದ್ದು ಅಂದೇ ಮೊದಲು.

ಬಂಧುಗಳಲ್ಲಿ ಕೆಲವು ವಿನಂತಿಗಳಿವೆ. ಬಿಲ್ಲು ಇಳಿಸುವುದಷ್ಟೇ ಉದ್ದೇಶವಾಗಿದ್ದರೆ ಫಲಕಗಳೇ ಸಾಕು. ಗೃಹಜ್ಯೋತಿಯ ಮಿತಿಯೊಳಗೇ ಬಾಳುವ ಸಣ್ಣ ಕುಟುಂಬವು ಸಾಲ ಮಾಡುವ ಮುನ್ನ ಎರಡು ಸಲ ಲೆಕ್ಕ ಹಾಕಲಿ. ರೋಗಿಗಳು, ವೃದ್ಧರು ಇರುವ ಮನೆಯವರು ಬ್ಯಾಟರಿಯ ಮಾತನ್ನು ಮೊದಲೇ ಎತ್ತಲಿ. ಬ್ಯಾಟರಿ ಬಂದರೂ ಸಿಲಿಂಡರನ್ನು ತೆಗೆದುಹಾಕದಿರಲಿ. ಅರ್ಥಿಂಗ್ ಮತ್ತು ಸಿಡಿಲಿನ ರಕ್ಷಣೆಯ ಖರ್ಚಿನಲ್ಲಿ ಜಿಪುಣತನ ಸಲ್ಲದು. ಜನರೇಟರನ್ನಾಗಲಿ ಇನ್ವರ್ಟರನ್ನಾಗಲಿ ಗೋಡೆಯ ಪ್ಲಗ್ಗಿಗೆ ಹಚ್ಚಿ ಮನೆಯ ತಂತಿಗಳಿಗೆ ಕರೆಂಟ್ ಹರಿಸುವ ಸಾಹಸವನ್ನು ಯಾರೂ ಮಾಡಬಾರದು. ಅದು ಕಂಬ ಏರಿದವನನ್ನು ಕೊಲ್ಲಬಹುದು. ಸಹಿ ಹಾಕುವ ಮೊದಲು ಆ ಮೂರನೆಯ ಪ್ರಶ್ನೆಯನ್ನು ಕೇಳಿರಿ: "ಬೀದಿಯಲ್ಲಿ ಕರೆಂಟ್ ಇಲ್ಲದಾಗ ನನ್ನ ಮನೆಯಲ್ಲಿ ಏನೇನು ನಡೆಯುತ್ತದೆ, ಎಷ್ಟು ಗಂಟೆ ನಡೆಯುತ್ತದೆ?" ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಶ್ರಾವಣದ ಒಂದು ಬೆಳಿಗ್ಗೆ ಅಕ್ಕ ಅಡುಗೆಮನೆಯಿಂದ ಕೂಗಿದರು: "ತಮ್ಮಾ, ಫ್ರಿಜ್ ನೀರ ಬಿಟ್ಟೈತಿ ನೋಡು. ರಾತ್ರಿ ಕರೆಂಟ್ ಹೋಗಿತ್ತೇನು?"

ಹೋಗಿತ್ತು, ಹನ್ನೊಂದಕ್ಕೆ ಹೋದದ್ದು ಬೆಳಗಿನ ಐದಕ್ಕೆ ಬಂದಿತ್ತು. ಅಕ್ಕನಿಗೆ ಅದು ಗೊತ್ತಾಗಿರಲಿಲ್ಲ.